ಮನೆಯಲ್ಲಿ ಬರುವ ಲೆಕ್ಕ ಪರೀಕ್ಷೆಯಲ್ಲಿ ಯಾಕೆ ಕೈಕೊಡುತ್ತದೆ? – ಓದುಗರ ಪ್ರಶ್ನೆ, ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಲೆಕ್ಕದ ಬಗ್ಗೆಯೇ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಆಗಿನಿಂದ ಮನೆಮನೆಯಲ್ಲೂ "ಇನ್ನೂ ಎರಡು ತಾಸು ಜಾಸ್ತಿ ಓದಿಸಿ" ಅನ್ನುವ ಮಾತು. ತಾಸು ಜಾಸ್ತಿ ಮಾಡಿದರೆ ಲೆಕ್ಕ ಬಂದುಬಿಡುತ್ತದೆ ಅಂತ ನನಗೇನೂ ನಂಬಿಕೆ ಇಲ್ಲ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ, ಹೆಸರು ತೆಗೆದಿದ್ದೇನೆ.

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿ. ಬೆಳಿಗ್ಗೆ ಒಂದು ಟ್ಯೂಷನ್, ಸಂಜೆ ಒಂದು ಟ್ಯೂಷನ್. ಮನೆಯಲ್ಲಿ ಕೂತು ಪುಟಗಟ್ಟಲೆ ಲೆಕ್ಕ ಸರಿಯಾಗಿ ಮಾಡುತ್ತಾನೆ, ನಾನೇ ಕಣ್ಣಾರೆ ನೋಡೀನ್ರಿ. ಪರೀಕ್ಷೆ ಬರೆದು ಬಂದಾಗಲೂ "ಅರವತ್ತರ ಮ್ಯಾಲೆ ಬರ್ತದ ಬಿಡವ್ವ" ಅಂತಾನೆ. ಪೇಪರ್ ಕೈಗೆ ಬಂದರೆ 80ಕ್ಕೆ 31. ಸುಳ್ಳು ಹೇಳ್ತಾನೋ, ಇಲ್ಲಾ ಬುದ್ಧಿಯೇ ಕಡಿಮೆಯೋ?
– ಒಬ್ಬ ತಾಯಿ, ಕಲಬುರಗಿ

ಉತ್ತರ: ಎರಡೂ ಅಲ್ಲ ಅಕ್ಕಾ. ಅರವತ್ತು ಬರುತ್ತದೆ ಅಂತ ಅವನು ನಿಜವಾಗಿಯೂ ನಂಬಿರುತ್ತಾನೆ. ತೊಂದರೆ ಇರುವುದೇ ಅಲ್ಲಿ.

ಒಂದು ಸಂಜೆ ಅವನ ಪಕ್ಕ ಕೂತುಕೊಳ್ಳಿ. ನೋಟ್‌ಬುಕ್ ನೋಡಬೇಡಿ, ಅವನ ಕಣ್ಣು ನೋಡಿ. ಎಡಗಡೆ ಗೈಡ್ ತೆರೆದಿರುತ್ತದೆ. ಮೊದಲ ಸಾಲು ಬರೆಯುತ್ತಾನೆ. ಎರಡನೇ ಸಾಲಿಗೆ ಪೆನ್ನು ಇಡುವ ಮುಂಚೆ ಕಣ್ಣು ಒಂದು ಸಲ ಎಡಕ್ಕೆ ಹೋಗಿ ಬರುತ್ತದೆ, ಅರ್ಧ ಸೆಕೆಂಡೂ ಹಿಡಿಯುವುದಿಲ್ಲ, ಹೋಗಿ ಬಂದದ್ದು ಅವನಿಗೇ ಗೊತ್ತಾಗಿರುವುದಿಲ್ಲ. ಗೈಡಿನ ಸಾಲು ಕಂಡ ಕೂಡಲೇ "ಹೌದಲ್ಲ, ನಾನೂ ಇದನ್ನೇ ಬರೆಯೋನಿದ್ದೆ" ಅನ್ನಿಸುತ್ತದೆ. ಹೀಗೆ ಇಪ್ಪತ್ತು ಲೆಕ್ಕ ಮುಗಿದ ಮೇಲೆ ಅಧ್ಯಾಯ ಪೂರ್ತಿ ಬಂತು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಟ್ಯೂಷನ್ನಿನಲ್ಲೂ ಇದೇ ಕಥೆ. ಸರ್ ಬೋರ್ಡ್ ಮೇಲೆ ಸರಸರ ಬಿಡಿಸುತ್ತಾರೆ, ಒಂದೊಂದು ಸಾಲೂ ಅರ್ಥವಾಗುತ್ತದೆ. ನೀವು ದಿನಾ ರೊಟ್ಟಿ ಬಡಿಯುವುದನ್ನು ನೋಡುತ್ತಲೇ ಅವನು ಬೆಳೆದಿದ್ದಾನೆ. ಒಂದು ಉಂಡೆ ಹಿಟ್ಟು ಅವನ ಕೈಗೆ ಕೊಟ್ಟು ನೋಡಿ, ಆಗ ತಿಳಿಯುತ್ತದೆ.

"ನನಗೆ ಇದು ಬರುತ್ತದಾ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಹಿಡಿದ ದಾರಿ ಸರಿಯಾ" ಅಂತ ತನ್ನ ಯೋಚನೆಯ ಮೇಲೆ ತಾನೇ ಒಂದು ಕಣ್ಣಿಡುವುದಕ್ಕೆ ಮನಶ್ಶಾಸ್ತ್ರದವರು ಮೆಟಾಕಾಗ್ನಿಷನ್ ಅನ್ನುತ್ತಾರೆ. ಅಮೆರಿಕದ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ನಿಮ್ಮ ಮಗನಿಗೆ ಲೆಕ್ಕಕ್ಕಿಂತ ಮೊದಲು ಕೈಕೊಟ್ಟಿರುವುದು ಈ ಕಣ್ಣು. ಅವನೊಬ್ಬನೇ ಅಲ್ಲ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಡನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಅಲ್ಲಿನ ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣದಂಥ ಪರೀಕ್ಷೆ ಕೊಟ್ಟು, "ಉಳಿದವರ ನಡುವೆ ನೀವು ಎಲ್ಲಿದ್ದೀರಿ" ಅಂತ ಅವರನ್ನೇ ಕೇಳಿದರು. ಅತಿ ಕಡಿಮೆ ಅಂಕ ತೆಗೆದ ಕಾಲು ಭಾಗದವರು ಸರಾಸರಿ ನೂರಕ್ಕೆ 12 ಜನರನ್ನು ಮಾತ್ರ ಹಿಂದೆ ಹಾಕಿದ್ದರು. ಆದರೆ 62 ಜನರನ್ನು ಹಿಂದೆ ಹಾಕಿದ್ದೇವೆ ಅಂದುಕೊಂಡಿದ್ದರು! ಅವರಿಬ್ಬರ ವಾದ ಸರಳ. ಸರಿ ಉತ್ತರ ಬರೆಯಲು ಯಾವ ತಿಳಿವಳಿಕೆ ಬೇಕೋ, ಬರೆದದ್ದು ತಪ್ಪು ಅಂತ ಗುರುತಿಸಲೂ ಅದೇ ಬೇಕು. ಅದಿಲ್ಲದ ಹುಡುಗ ಖುಷಿಯಿಂದಲೇ ಹೊರಗೆ ಬರುತ್ತಾನೆ.

ನೀವು ಮಾಡಬಹುದಾದದ್ದು ಇದೆ, ಅದಕ್ಕೆ ನಿಮಗೆ ಲೆಕ್ಕ ಬರಬೇಕಂತಿಲ್ಲ. ವಾರಕ್ಕೆ ಎರಡು ಸಲ ಗೈಡನ್ನೂ ಮೊಬೈಲನ್ನೂ ನಿಮ್ಮ ಹತ್ತಿರ ಇಟ್ಟುಕೊಂಡು ಐದು ಲೆಕ್ಕದ ನಂಬರ್ ಕೊಡಿ. ಶುರು ಮಾಡುವ ಮುಂಚೆ ಒಂದೊಂದರ ಪಕ್ಕ "ಬರ್ತದ", "ಬರಲ್ಲ", "ಡೌಟ್" ಅಂತ ಅವನೇ ಬರೆಯಲಿ. ಆಮೇಲೆ ಬಿಡಿಸಲಿ, ಕೊನೆಗೆ ಉತ್ತರ ನೋಡಲಿ. "ಬರ್ತದ" ಅಂದದ್ದರಲ್ಲಿ ಎಷ್ಟು ಬಂತು ಅಂತ ಎಣಿಸಿ. ಮೊದಲ ವಾರ ಮುಖ ಸಣ್ಣದಾಗುತ್ತದೆ. ಆಗ ಬೈಯಬೇಡಿ. ಬೈದರೆ ಮುಂದಿನ ವಾರದಿಂದ ಎಲ್ಲದಕ್ಕೂ "ಡೌಟ್" ಅಂತ ಬರೆದು ಕೂರುತ್ತಾನೆ, ಅಷ್ಟು ಜಾಣತನ ಎಲ್ಲ ಹುಡುಗರಿಗೂ ಇದೆ.

ಪುಸ್ತಕ ಮುಚ್ಚಿ ಮಾಡುವುದರಲ್ಲಿ ಇನ್ನೊಂದು ಲಾಭವಿದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪಾಠ ಪಕ್ಕಕ್ಕಿಟ್ಟು, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ತಮಾಷೆ ಏನೆಂದರೆ, "ನಮಗೆ ಚೆನ್ನಾಗಿ ನೆನಪಿರುತ್ತದೆ" ಅನ್ನುವ ಭರವಸೆ ಜಾಸ್ತಿ ಇದ್ದದ್ದು ಮತ್ತೆ ಮತ್ತೆ ಓದಿದವರಿಗೇ.

ಎರಡು ಟ್ಯೂಷನ್‌ನಲ್ಲಿ ಒಂದನ್ನು ಬಿಡಿಸಿಬಿಡಿ. ಆ ಹೊತ್ತು ಅವನು ಒಬ್ಬನೇ ಕೂತು ಸಿಕ್ಕಿಕೊಳ್ಳಲಿ. ಅಕ್ಕಪಕ್ಕದವರು ಏನಾದರೂ ಅನ್ನುತ್ತಾರೆ, ಅನ್ನಲಿ.

ಪ್ರಶ್ನೆ: ನಾನು ಹತ್ತನೇ ತರಗತಿ ಹುಡುಗಿ. ಸೂತ್ರ ಎಲ್ಲಾ ಬಾಯಿಪಾಠ. ಸಮೀಕರಣ ಕೊಟ್ಟರೆ ಬಿಡಿಸುತ್ತೇನೆ. ವಾಕ್ಯದಲ್ಲಿ ಲೆಕ್ಕ ಕೊಟ್ಟರೆ ಮಾತ್ರ ಎಲ್ಲಿಂದ ಶುರು ಮಾಡಬೇಕು ತಿಳಿಯುವುದಿಲ್ಲ. ಹೆಂಗೋ ಶುರು ಮಾಡಿ ಒಂದು ಪುಟ ಬರೆದ ಮೇಲೆ ದಾರಿ ತಪ್ಪಿದೆ ಅಂತ ಗೊತ್ತಾಗುತ್ತದೆ, ಅಷ್ಟೊತ್ತಿಗೆ ಟೈಮ್ ಹೋಗಿರುತ್ತದೆ. ಏನು ಮಾಡಲಿ ಸರ್?
– ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ವರ್ಗ ಸಮೀಕರಣದಲ್ಲಿ ಎಲ್ಲರೂ ಮಾಡುವ ಹಳೇ ದೋಣಿ ಲೆಕ್ಕವನ್ನೇ ತೆಗೆದುಕೋ. ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 18 ಕಿ.ಮೀ. ಹೊಳೆಯ ಹರಿವಿಗೆ ಎದುರಾಗಿ 24 ಕಿ.ಮೀ. ಹೋಗಲು, ಅಷ್ಟೇ ದೂರ ಹರಿವಿನ ಜೊತೆ ವಾಪಸ್ ಬರುವುದಕ್ಕಿಂತ 1 ಗಂಟೆ ಜಾಸ್ತಿ ಬೇಕು. ಹರಿವಿನ ವೇಗ ಎಷ್ಟು?

ಸಾಮಾನ್ಯವಾಗಿ ಏನಾಗುತ್ತದೆ ನೋಡು. ಹರಿವಿನ ವೇಗ ಎಕ್ಸ್ ಅಂತ ಇಟ್ಟುಕೊಳ್ಳುತ್ತೀಯ. ಜೊತೆ ಬರುವ ವೇಗ 18ಕ್ಕೆ ಎಕ್ಸ್ ಕೂಡಿಸಿದ್ದು, ಎದುರು ಹೋಗುವ ವೇಗ 18ರಲ್ಲಿ ಎಕ್ಸ್ ಕಳೆದದ್ದು. ಇಷ್ಟು ಸರಿ. ಈಗ ಎರಡು ಸಮಯದ ವ್ಯತ್ಯಾಸ 1 ಅಂತ ಬರೆಯಬೇಕು. ಅವಸರದಲ್ಲಿ ಜೊತೆ ಬರುವ ಸಮಯದಿಂದ ಎದುರು ಹೋಗುವ ಸಮಯವನ್ನು ಕಳೆದುಬಿಡುತ್ತೀಯ, ಅಂದರೆ ಚಿಕ್ಕದರಿಂದ ದೊಡ್ಡದನ್ನು. ಮುಂದೆ ಎಲ್ಲವೂ ಸಲೀಸು. ಸಮೀಕರಣ ಅಪವರ್ತನವೂ ಆಗುತ್ತದೆ, ಎರಡು ಮೂಲ ಬರುತ್ತವೆ, 54 ಮತ್ತು –6. ವೇಗ ಋಣ ಆಗುವುದಿಲ್ಲ ಅಂತ ಕಲಿಸಿದ್ದಾರಲ್ಲ, –6 ಹೊಡೆದು ಹಾಕಿ 54ಕ್ಕೆ ಚೆಂದವಾಗಿ ಬಾಕ್ಸ್ ಹಾಕುತ್ತೀಯ. ಪೂರ್ಣಾಂಕ ಬಂದಿದೆ, ಕೈ ಬರಹ ಮುದ್ದಾಗಿದೆ, ಮನಸ್ಸಿಗೆ ಸಮಾಧಾನ.

ಈಗ ಒಂದು ನಿಮಿಷ ಪೆನ್ನು ಕೆಳಗಿಡು. ದೋಣಿ ಗಂಟೆಗೆ 18, ಹೊಳೆ ಗಂಟೆಗೆ 54. ಆ ದೋಣಿ ಎದುರು ಹೋಗುವುದಾದರೂ ಹೇಗೆ? ಭೀಮೆಗೆ ಮಹಾಪೂರ ಬಂದಾಗ ದಡದಲ್ಲಿ ನಿಂತು ನೋಡಿದವರು ಯಾರೂ ಈ ಉತ್ತರ ಒಪ್ಪುವುದಿಲ್ಲ. ಸರಿ ಉತ್ತರ 6. ಹಾಕಿ ನೋಡು: ಎದುರು ಹೋಗುವಾಗ ವೇಗ 12, ಸಮಯ 2 ಗಂಟೆ, ಬರುವಾಗ ವೇಗ 24, ಸಮಯ 1 ಗಂಟೆ. ಒಂದು ಗಂಟೆ ವ್ಯತ್ಯಾಸ, ಸರಿಹೋಯಿತು. ನಿನ್ನ ತಪ್ಪು ಇದ್ದದ್ದು ಒಂದೇ ಒಂದು ಚಿಹ್ನೆಯಲ್ಲಿ. ಬರೆಯುವ ಮುಂಚೆ "ಯಾವುದಕ್ಕೆ ಜಾಸ್ತಿ ಹೊತ್ತು ಬೇಕು" ಅಂತ, ಇಲ್ಲವೇ ಬರೆದ ಮೇಲೆ "ಹೀಗಾಗಲು ಸಾಧ್ಯವಾ" ಅಂತ ಒಂದು ಸಲ ಕೇಳಿಕೊಂಡಿದ್ದರೆ ಸಿಕ್ಕಿಬೀಳುತ್ತಿತ್ತು. ಗಣಿತಜ್ಞ ಜಾರ್ಜ್ ಪೋಯಾ 1945ರಲ್ಲೇ ಲೆಕ್ಕ ಬಿಡಿಸುವುದನ್ನು ನಾಲ್ಕು ಹಂತ ಮಾಡಿ ಹೇಳಿದ್ದರು: ಪ್ರಶ್ನೆ ಅರ್ಥ ಮಾಡಿಕೋ, ದಾರಿ ಯೋಚಿಸು, ಬಿಡಿಸು, ತಿರುಗಿ ನೋಡು. ನಮ್ಮ ಹುಡುಗರು ಮೂರನೇ ಹಂತದಿಂದ ಶುರು ಮಾಡಿ ಅಲ್ಲೇ ಮುಗಿಸುತ್ತಾರೆ.

ಪುಟ ತುಂಬ ಬರೆದ ಮೇಲೆ ದಾರಿ ತಪ್ಪಿದ್ದು ಗೊತ್ತಾಗುತ್ತದೆ ಅಂದೆಯಲ್ಲ, ಅದು ದೊಡ್ಡ ಕಾಲೇಜಿನವರಿಗೂ ಆಗುವುದೇ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಅಲನ್ ಶೋನ್‌ಫೆಲ್ಡ್ ಅಂತ ಗಣಿತದವರು, ವಿದ್ಯಾರ್ಥಿಗಳು ಹೊಸ ಲೆಕ್ಕ ಬಿಡಿಸುವುದನ್ನು ವಿಡಿಯೊ ಮಾಡಿ, ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದಾರೆ ಅಂತ ನಿಮಿಷ ನಿಮಿಷ ಗುರುತು ಹಾಕಿದರು. ಬಹಳ ಜನ ಪ್ರಶ್ನೆ ಓದಿ, ಥಟ್ಟನೆ ಒಂದು ದಾರಿ ಹಿಡಿದು, ಅದು ಎಲ್ಲಿಗೂ ಒಯ್ಯದಿದ್ದರೂ ಕೊಟ್ಟ 20 ನಿಮಿಷವನ್ನೂ ಅದರಲ್ಲೇ ಕಳೆದರು. ಅನುಭವಿ ಗಣಿತಜ್ಞ ಮಾಡಿದ್ದು ಬೇರೆ: ಹೆಚ್ಚಿನ ಹೊತ್ತು ಯೋಚಿಸುತ್ತಲೇ ಇದ್ದರು, ನಡುನಡುವೆ "ಇದರಿಂದ ಏನಾದರೂ ಸಿಗುತ್ತಿದೆಯಾ" ಅಂತ ನಿಂತು ನೋಡಿದರು, ಸಿಗದಿದ್ದರೆ ಆ ದಾರಿ ಬಿಟ್ಟರು. ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಓಡಾಡುತ್ತಾ ಹುಡುಗರನ್ನು ಮೂರೇ ಪ್ರಶ್ನೆ ಕೇಳುತ್ತಿದ್ದರು. ಈಗ ನೀನು ಮಾಡುತ್ತಿರುವುದು ಏನು? ಯಾಕೆ ಮಾಡುತ್ತಿದ್ದೀಯ? ಇದು ಉತ್ತರಕ್ಕೆ ಹೇಗೆ ಸಹಾಯ ಮಾಡುತ್ತದೆ? ಮೊದಮೊದಲು ಹುಡುಗರಿಗೆ ಮುಜುಗರ. ಕೇಳುತ್ತಾರೆ ಅಂತ ಗೊತ್ತಾದ ಮೇಲೆ ತಾವೇ ಮೊದಲು ಯೋಚಿಸಿಟ್ಟುಕೊಳ್ಳತೊಡಗಿದರು.

ನಿನ್ನ ರಫ್ ನೋಟ್‌ಬುಕ್ಕಿನ ರಟ್ಟಿನ ಮೇಲೆ ಈ ಮೂರನ್ನೂ ಬರೆದುಕೋ. ಪರೀಕ್ಷೆಯಲ್ಲಿ ನಾಲ್ಕೈದು ಸಾಲಿಗೊಮ್ಮೆ ಒಂದು ಸಲ ಕೇಳಿಕೋ. ಟೈಮ್ ಹಾಳಾಗುತ್ತದೆ ಅಂತ ಹೆದರಬೇಡ, ಈಗ ತಪ್ಪು ದಾರಿಯಲ್ಲಿ ಒಂದು ಪುಟ ಬರೆಯುತ್ತಿದ್ದೀಯಲ್ಲ, ಅದರ ಮುಂದೆ ಇದು ಏನೂ ಅಲ್ಲ. ಆದರೆ ಒಂದು ಮಾತು, ಅಪವರ್ತನವೇ ಬರದಿದ್ದರೆ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಿನಗೆ ಅದು ಬರುತ್ತದೆ ಅಂತ ಬರೆದಿದ್ದೀಯ, ಹಾಗಾಗಿ ಹೇಳಿದೆ.

ಪ್ರಶ್ನೆ: ತರಬೇತಿಯಲ್ಲಿ ಮೆಟಾಕಾಗ್ನಿಷನ್ ಬಗ್ಗೆ ಅರ್ಧ ದಿನ ಸ್ಲೈಡ್ ತೋರಿಸಿದರು. ಒಂದೂ ತಲೆಗೆ ಹೋಗಲಿಲ್ಲ. ನನ್ನ ತರಗತಿಯಲ್ಲಿ 58 ಮಕ್ಕಳು, ಅರ್ಧಕ್ಕರ್ಧ ಮನೆಯಲ್ಲಿ ಮರಾಠಿ ಅಥವಾ ಲಂಬಾಣಿ ಮಾತಾಡುವವರು. ಸಿಲೆಬಸ್ ಮುಗಿಯುವುದೇ ಕಷ್ಟ. ಫೇಲಾಗುವವರಿಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟು ಬಾಯಿಪಾಠ ಮಾಡಿಸಿ ಅಂತ ಮೇಲಿನಿಂದ ಒತ್ತಡ. ಇದರಲ್ಲಿ ಇದನ್ನೆಲ್ಲ ಎಲ್ಲಿ ತುರುಕಲಿ?
– ಗಣಿತ ಶಿಕ್ಷಕರು, ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ

ಉತ್ತರ: ತುರುಕಬೇಡಿ ಸರ್. ಪ್ರತ್ಯೇಕ ಪೀರಿಯಡ್ ಮಾಡಿ ಕಲಿಸಿದರೆ ಇದು ಮಕ್ಕಳಿಗೆ ಹತ್ತುವುದಿಲ್ಲ. ಇಂಗ್ಲೆಂಡಿನ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಶಾಲೆಗಳಿಗೆ ಕೊಡುವ ಸಲಹೆಯೂ ಅದೇ: ಖರ್ಚು ತೀರಾ ಕಡಿಮೆ, ಪರಿಣಾಮ ಜಾಸ್ತಿ, ಆದರೆ ಪಾಠದ ಒಳಗೇ ಬೆರೆಸಿ ಕಲಿಸಬೇಕು. ನೀವು ಹೇಗೂ ಬೋರ್ಡ್ ಮೇಲೆ ಲೆಕ್ಕ ಬಿಡಿಸುತ್ತೀರಿ. ಅದರಲ್ಲೇ ಸ್ವಲ್ಪ ಬದಲಾವಣೆ ಸಾಕು.

ಈಗ ಬೋರ್ಡ್ ಮೇಲೆ ಬರುವುದು ನಿಮ್ಮ ತಲೆಯಲ್ಲಿ ಕೊನೆಗೆ ಉಳಿದ ಸರಿಯಾದ ದಾರಿ ಮಾತ್ರ. ಅದಕ್ಕೆ ಮುಂಚೆ ಒಳಗೆ ನಡೆದ "ಇದು ಬೇಡ, ಇದು ಯಾಕೋ ಸರಿ ಕಾಣಲ್ಲ" ಅನ್ನುವುದು ಮಕ್ಕಳಿಗೆ ಕಾಣುವುದೇ ಇಲ್ಲ. ವಾರಕ್ಕೊಂದು ಲೆಕ್ಕವಾದರೂ ಬಾಯಿಬಿಟ್ಟು ಯೋಚಿಸುತ್ತಾ ಬಿಡಿಸಿ. ಬೇಕಂತಲೇ ಒಂದು ತಪ್ಪು ದಾರಿ ಹಿಡಿದು ಎರಡು ಸಾಲು ಹೋಗಿ, "ಅಯ್ಯೋ, ಇದು ಎಲ್ಲಿಗೆ ಹೊರಟಿತು" ಅಂತ ವಾಪಸ್ ಬನ್ನಿ. ಸರ್ ಕೂಡ ದಾರಿ ಬಿಟ್ಟು ತಿರುಗುತ್ತಾರೆ ಅಂತ ನೋಡುವುದೇ ಅವರಿಗೆ ಹೊಸ ವಿಷಯ.

ಇನ್ನೊಂದು, ಲೆಕ್ಕಕ್ಕೆ ಮುಂಚೆ ಅಂದಾಜು ಕೇಳಿ. ತೊಗರಿ ಕ್ವಿಂಟಲ್‌ಗೆ 10,000 ರೂಪಾಯಿ ಇತ್ತು ಅನ್ನಿ. ದರ ಶೇಕಡಾ 20 ಏರಿತು, ಮುಂದಿನ ವಾರ ಶೇಕಡಾ 20 ಇಳಿಯಿತು. ಈಗ ಎಷ್ಟು? ಪೆನ್ನು ಮುಟ್ಟದೆ ಉತ್ತರ ಹೇಳಲಿ, ಜೊತೆಗೆ ಎಷ್ಟು ಗ್ಯಾರಂಟಿ ಅಂತ ಬೆರಳಲ್ಲಿ ತೋರಿಸಲಿ, ಪೂರ್ತಿ ಗ್ಯಾರಂಟಿ ಇದ್ದರೆ ಐದೂ ಬೆರಳು, ಸುಮ್ನೆ ಹೇಳಿದ್ದಾದರೆ ಒಂದು. ತರಗತಿಯ ಬಹುಪಾಲು ಮಕ್ಕಳು "ಹತ್ತು ಸಾವಿರವೇ" ಅಂತ ಐದು ಬೆರಳೆತ್ತುತ್ತಾರೆ. ಆಮೇಲೆ ಲೆಕ್ಕ ಹಾಕಿಸಿ. 12,000ಕ್ಕೆ ಏರಿ 9,600ಕ್ಕೆ ಇಳಿಯುತ್ತದೆ. ಐದು ಬೆರಳೆತ್ತಿ ತಪ್ಪಿದ ಲೆಕ್ಕ ಸುಲಭಕ್ಕೆ ಮರೆಯುವುದಿಲ್ಲ. ಅಪ್ಪ ತೊಗರಿ ಮಾರುವ ಮನೆಯ ಹುಡುಗನಿಗಂತೂ ಮರೆಯುವುದೇ ಇಲ್ಲ. ತ್ರಿಕೋನಮಿತಿಗೂ ಹೀಗೇ. ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿರುವ ಮಕ್ಕಳಿಗೆ ಅದರ ಮಿನಾರಿನ ಎತ್ತರದ ಲೆಕ್ಕ ಕೊಡಿ. ಮೂರು ಅಂತಸ್ತಿನ ಕಟ್ಟಡಕ್ಕಿಂತ ಎತ್ತರದ ಮಿನಾರಿಗೆ 4 ಮೀಟರ್ ಅಂತ ಉತ್ತರ ಬಂದರೆ, ನೀವು ತಪ್ಪು ಹಾಕುವ ಮುಂಚೆ ಹುಡುಗನೇ ನಗಬೇಕು.

ಮರಾಠಿ, ಲಂಬಾಣಿ ಮಕ್ಕಳ ವಿಷಯ. ವಾಕ್ಯದ ಲೆಕ್ಕ ಓದಿದ ಮೇಲೆ ಪಕ್ಕದವನಿಗೆ ಅದನ್ನು ಮನೆಯ ಮಾತಿನಲ್ಲಿ ಹೇಳಲಿ, ಪುಸ್ತಕ ನೋಡದೆ. ಹೇಳಲು ಬಂದರೆ ಪ್ರಶ್ನೆ ಅರ್ಥವಾಗಿದೆ. ಎಲ್ಲಿ ತಡವರಿಸಿದನೋ ಅಲ್ಲೇ ಗಂಟು, ಬಿಡಿಸಲು ಹೊರಡುವ ಮುಂಚೆ ಅವನಿಗೂ ಗೊತ್ತಾಯಿತು, ನಿಮಗೂ ಗೊತ್ತಾಯಿತು. ಎರಡು ನಿಮಿಷದ ಕೆಲಸ. 58 ಮಕ್ಕಳಿದ್ದರೆ 29 ಜೋಡಿ. ಗಲಾಟೆ ಆಗುತ್ತದೆ, ಹೆಡ್‌ಮಾಸ್ಟರ್‌ಗೆ ಮೊದಲೇ ಹೇಳಿಟ್ಟಿರಿ.

ಪಾಸಿಂಗ್ ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಫೆಬ್ರುವರಿಯಲ್ಲಿ ಅದು ಅನಿವಾರ್ಯ ಇರಬಹುದು, ಜುಲೈನಲ್ಲೇ ಹಿಡಿಸಿದರೆ ಕೆಟ್ಟದ್ದು. ಒಂದೇ ಪಟ್ಟಿನಲ್ಲಿ ಬಾಯಿಪಾಠವಾದ ವಿಧಾನ ಕಣ್ಣು ಮುಚ್ಚಿಸುತ್ತದೆ. ಮನಶ್ಶಾಸ್ತ್ರದ ಅಬ್ರಹಾಂ ಲೂಚಿನ್ಸ್ 1942ರಲ್ಲಿ ಜಾಡಿಗಳಿಂದ ಇಂತಿಷ್ಟು ನೀರು ಅಳೆಯುವ ಲೆಕ್ಕದಲ್ಲಿ ಇದನ್ನೇ ತೋರಿಸಿದರು. ಮೂರು ಜಾಡಿ ಬಳಸುವ ಉದ್ದನೆಯ ವಿಧಾನವನ್ನು ಸಾಲಾಗಿ ಕೆಲವು ಲೆಕ್ಕಗಳಲ್ಲಿ ರೂಢಿ ಮಾಡಿಸಿ, ಆಮೇಲೆ ಎರಡೇ ಜಾಡಿಯಲ್ಲಿ ಮುಗಿಯುವ ಲೆಕ್ಕ ಕೊಟ್ಟರು. ಹೆಚ್ಚಿನವರು ಹಳೇ ಉದ್ದದ ದಾರಿಯಲ್ಲೇ ಹೋದರು. ಆ ರೂಢಿ ಇಲ್ಲದೆ ನೇರ ಬಂದವರು ಸುಲಭದ್ದನ್ನೇ ಹಿಡಿದರು.

ಪ್ರಶ್ನೆ: ನೀಟ್ ಎರಡನೇ ಸಲ ಬರೆಯುತ್ತಿದ್ದೇನೆ. ಮಾಕ್ ಟೆಸ್ಟ್‌ನಲ್ಲಿ ಪ್ರತಿ ಸಲ ನೂರು ಅಂಕ ಸಿಲ್ಲಿ ಮಿಸ್ಟೇಕ್‌ನಲ್ಲೇ ಹೋಗುತ್ತದೆ.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಪ್ರತಿ ಸಲ ನೂರು ಅಂಕ ಹೋಗುತ್ತದೆ ಅಂದರೆ ಅದು ಸಿಲ್ಲಿ ಅಲ್ಲ ತಮ್ಮಾ. ಆ ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆ ಅಡಗಿ ಕೂತಿವೆ. "ತಪ್ಪಾದ ಹೇಳಿಕೆ ಯಾವುದು" ಅನ್ನುವುದನ್ನು "ಸರಿಯಾದದ್ದು" ಅಂತ ಓದಿದ್ದು ಒಂದು, ಸೆಂಟಿಮೀಟರನ್ನು ಮೀಟರ್ ಮಾಡದೇ ಬಿಟ್ಟದ್ದು ಇನ್ನೊಂದು, ಒಎಂಆರ್‌ನಲ್ಲಿ ಒಂದು ಸಾಲು ಜಾರಿದ್ದು ಮತ್ತೊಂದು, ಪಾಠವೇ ಬಾರದೆ ತಪ್ಪಿದ್ದು ಮಗದೊಂದು. ಮುಂದಿನ ಮಾಕ್ ಮುಗಿದ ಮೇಲೆ ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ನಿಜವಾದ ಕಾರಣ ಬರೆ. "ಸಿಲ್ಲಿ" ಅನ್ನುವ ಪದ ಬಳಸುವಂತಿಲ್ಲ.

ಉತ್ತರ ಗುರುತಿಸುವಾಗಲೇ ಪ್ರಶ್ನೆಯ ಪಕ್ಕ ಚುಕ್ಕೆ ಇಡು: ಗ್ಯಾರಂಟಿ, ಅರೆಬರೆ, ಊಹೆ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಅಂದರೆ ಊಹೆಯ ಗುಂಪಿನಲ್ಲಿ ಐದಕ್ಕೆ ಒಂದು ಸರಿಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿನ್ನ ಊಹೆ ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಅಂತ ನಾಲ್ಕಾರು ಮಾಕ್‌ನ ಲೆಕ್ಕ ಕೂಡಿಸಿದರೆ ತಾನೇ ಹೇಳುತ್ತದೆ, ಕೋಚಿಂಗ್‌ನವರನ್ನು ಕೇಳಬೇಕಿಲ್ಲ. ನಾನು ಮೊದಲು ನೋಡುವುದು ಮಾತ್ರ ಗ್ಯಾರಂಟಿ ಗುಂಪನ್ನು. ಅಲ್ಲಿ ತಪ್ಪು ಜಾಸ್ತಿ ಇದ್ದರೆ, ನೀನು "ಮುಗಿದಿದೆ" ಅಂತ ಮುಚ್ಚಿಟ್ಟ ಅಧ್ಯಾಯಗಳನ್ನೇ ಮತ್ತೆ ತೆರೆಯಬೇಕು.

ಪ್ರಶ್ನೆ: ನನ್ನ ಮಗಳು ನಾಲ್ಕನೇ ತರಗತಿ. ಇದನ್ನೆಲ್ಲ ಈಗಲೇ ಕಲಿಸಬಹುದಾ, ಚಿಕ್ಕವಳಾಯಿತಾ?
– ಒಬ್ಬ ತಂದೆ, ಹುಮನಾಬಾದ್

ಉತ್ತರ: ಕಲಿಸಬಹುದು. ಮೇಲೆ ಹೇಳಿದ ಫ್ಲಾವೆಲ್ ಮತ್ತು ಜೊತೆಗಾರರು ಮಕ್ಕಳಿಗೆ ಕೆಲವು ವಸ್ತುಗಳನ್ನು ನೆನಪಿಡಲು ಹೇಳಿ, ಪೂರ್ತಿ ಬಂತು ಅನ್ನಿಸಿದಾಗ ತಿಳಿಸಿ ಅಂದಿದ್ದರು. ತೀರಾ ಚಿಕ್ಕ ಮಕ್ಕಳು "ಬಂತು" ಅಂದರು, ಬಂದಿರಲಿಲ್ಲ. ಪ್ರಾಥಮಿಕ ಶಾಲೆಯ ದೊಡ್ಡ ಮಕ್ಕಳು "ಬಂತು" ಅಂದಾಗ ಸಾಮಾನ್ಯವಾಗಿ ಬಂದಿತ್ತು. ಹಾಗಾಗಿ ನಿಮ್ಮ ಮಗಳ ವಯಸ್ಸು ಸರಿಯಾಗಿಯೇ ಇದೆ. ಲೆಕ್ಕ ತಪ್ಪಿದಾಗ ಉತ್ತರ ಹೇಳಿಕೊಡುವ ಬದಲು "ಇದು ಹೆಂಗ ಬಂತವ್ವ, ನನಗೂ ಹೇಳು" ಅನ್ನಿ. ಅರ್ಧ ಹೇಳುವಷ್ಟರಲ್ಲಿ ತಾನೇ ರಬ್ಬರ್ ಹುಡುಕುತ್ತಾಳೆ. ಸರಿ ಬಂದಾಗಲೂ ಹಾಗೇ ಕೇಳಿ, ಇಲ್ಲದಿದ್ದರೆ ಅಪ್ಪ ಕೇಳಿದರೆ ತಪ್ಪಾಗಿದೆ ಅಂತ ಎರಡೇ ದಿನದಲ್ಲಿ ಕಂಡುಹಿಡಿಯುತ್ತಾಳೆ.